ಮಿರಜಿನ ಅಂಗಳದ ಲಾಲ್ ಪಾಮ್

ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿಯುವ ಮೊದಲೇ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಅವರು ಕೇಳುವ ಪ್ರಶ್ನೆ ಒಂದೇ: "ಮಾವಶಿ, ಲಾಲ್ ಪಾಮ್ ನಮ್ಮ ಸಾಂಗಲ್ಯಾಗ ಖರೇನ ಬದುಕತೈತೇನ್ರಿ?"

ಬದುಕುತ್ತದೆ. ಆದರೆ ಅದನ್ನು ಬದುಕಿಸುವವರು ಮೊದಲು ಒಂದೆರಡನ್ನು ಕೊಂದಿರಬೇಕು. ನಾನು ಕೊಂದಿದ್ದೇನೆ. ಅದಕ್ಕೇ ಇದನ್ನು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಸಾಂಗಲಿ–ಮಿರಜ ರಸ್ತೆಯ ಒಂದು ನರ್ಸರಿಯಲ್ಲಿ ಮೂವತ್ತೊಂದು ವರ್ಷ ದುಡಿದೆ. ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಕೆಲಸದಿಂದ ಶುರು ಮಾಡಿ, ಜನರ ಮನೆಗೆ ಹೋಗಿ ತೋಟ ಹಚ್ಚಿಕೊಡುವ ತನಕ ಬಂದೆ. ನಡುವೆ ಯಾವಾಗ ಏನು ಹುದ್ದೆ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಅದರಿಂದ ಒಂದು ಗಿಡವೂ ಚಿಗುರಲಿಲ್ಲ.

ಲಾಲ್ ಪಾಮ್ ನೋಡದವರಿಗೆ ಹೇಳುತ್ತೇನೆ. ಪುಸ್ತಕದವರು ಅದನ್ನು ಲಿಪ್‌ಸ್ಟಿಕ್ ಪಾಮ್ ಅನ್ನುತ್ತಾರೆ. ಅಡಿಕೆ ಗಿಡದಂತೆ ತೆಳ್ಳಗೆ, ಆದರೆ ಬಾಳೆಯ ಹಾಗೆ ಬುಡದಿಂದ ಮರಿ ಒಡೆದು ಗುಂಪಾಗಿ ಏಳುತ್ತದೆ. ಎಲೆಯ ಬುಡ ಕಾಂಡವನ್ನು ಸುತ್ತಿ ಹಿಡಿದಿರುವ ಹಾಳೆ ಇದೆಯಲ್ಲ, ಅದು ಕೆಂಪು. ಹಳೇ ಕಾಲದಲ್ಲಿ ಅಂಚೆ ಪಾರ್ಸಲಿಗೆ ಒತ್ತುತ್ತಿದ್ದ ಅರಗಿನ ಕೆಂಪು. ಮೊದಲ ಸಲ ಲಾರಿಯಿಂದ ಇಳಿಸುವಾಗ ನಾನು ಅದರ ಮೇಲೆ ಬೆರಳು ಉಜ್ಜಿ, ಬೆರಳಿಗೆ ಬಣ್ಣ ಹತ್ತಿತೇ ಎಂದು ನೋಡಿಕೊಂಡಿದ್ದೆ. ಹತ್ತಿರಲಿಲ್ಲ. ಅಷ್ಟು ಚೆಂದದ ಗಿಡವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಈಗಲೂ ಕಂಡಿಲ್ಲ.

ನಮ್ಮ ಹೆಡ್ ಮಾಳಿ ದತ್ತೂ ಮಾಮಾ. ಮರಾಠಿ ಮನುಷ್ಯ, ಬುಧಗಾಂವದವರು. ಸೈಕಲ್ ಮೇಲೆ ಬಂದು ಸೈಕಲ್ ಮೇಲೆ ಹೋದರು, ನಡುವೆ ನಲವತ್ತು ವರ್ಷ ಗಿಡಗಳ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಯಾವ ಮನೆಗೆ ಹೋದರೂ ಮೊದಲು ಅಲ್ಲಿನ ನೀರನ್ನು ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿದ್ದರು. ಸಪ್ಪೆಯೋ, ಉಪ್ಪೋ, ಗಡುಸೋ ಅಂತ ಅಲ್ಲೇ ಹೇಳುತ್ತಿದ್ದರು. ಆಮೇಲೆ ಒಂದು ಹಿಡಿ ಮಣ್ಣು ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. "ಆಧೀ ವಾಸ ಘೇ, ಮಗ ಬೋಲ" ಎನ್ನುತ್ತಿದ್ದರು. ಮೊದಲು ಮೂಸಿ ನೋಡು, ಆಮೇಲೆ ಮಾತಾಡು ಅಂತ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ಆ ಮೂಗಿಗೆ ಬೇರೆ ಕೆಲಸ ಕಲಿಯಲು ಬಹಳ ವರ್ಷ ಬೇಕಾದವು.

ನಾನು ಮೊದಲು ಕೊಂದ ಪಾಮಿನ ಕಥೆ ಕೇಳಿ. ನಮ್ಮದು ಅಥಣಿ ಕಡೆಯಿಂದ ಕಬ್ಬಿನ ಕೆಲಸಕ್ಕೆ ಬಂದ ಮನೆತನ. ಕಬ್ಬಿನ ಒಣ ಎಲೆಗೆ ರವದಿ ಅನ್ನುತ್ತೇವೆ. ರವದಿ ಸುಲಿದರೆ ಕಬ್ಬಿಗೆ ಗಾಳಿ ಆಡುತ್ತದೆ, ಗಣಿಕೆ, ಅಂದರೆ ಜಲ್ಲೆ, ಫಳಫಳ ಹೊಳೆಯುತ್ತದೆ. ನಾನು ನಡೆಯಲು ಕಲಿತಾಗಿನಿಂದ ಮಾಡಿದ ಕೆಲಸ ಅದು. ಒಂದು ದಿನ ದೊಡ್ಡ ಗಿರಾಕಿ ಬರುವವರಿದ್ದರು. ಕುಂಡದಲ್ಲಿದ್ದ ಲಾಲ್ ಪಾಮಿನ ಹೊರಗಿನ ಹಾಳೆ ಅರ್ಧ ಒಣಗಿ ಕಂದಾಗಿತ್ತು, ಒಳಗಿನ ಕೆಂಪು ಕಾಣುತ್ತಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಹಾಗೆ, ನಾನು ಕಬ್ಬಿನ ರವದಿ ಎಳೆದಂತೆ ಎಳೆದೇ ಎಳೆದೆ. ಒಂದು ಹಾಳೆ ಬಂತು, ಎರಡು ಬಂದವು, ಮೂರನೆಯದು ಹಸಿಯದು, ಅದೂ ಬಂತು. ಗಿಡ ಕೆಂಪಗೆ ಹೊಳೆಯಿತು. ಗಿರಾಕಿ ವಾಹ್ ಅಂದರು. ಒಂದು ತಿಂಗಳಲ್ಲಿ ಸುಳಿ ನನ್ನ ಕೈಗೇ ಕಿತ್ತು ಬಂತು. ಅದರ ಬುಡ ಕೊಳೆತು ನಾರುತ್ತಿತ್ತು.

ದತ್ತೂ ಮಾಮಾ ಬಯ್ಯಲಿಲ್ಲ. ಆ ಕಾಂಡವನ್ನು ನೆಲಮಟ್ಟಕ್ಕೆ ಕುಯ್ದು, ಬೋಳು ಕುಂಡವನ್ನು ನನ್ನ ಮುಂದೆ ಇಟ್ಟು, ದಿನಾ ನೀರು ಹಾಕು ಅಂದರು. ಸತ್ತ ಗಿಡಕ್ಕೆ ಆರು ತಿಂಗಳು ನೀರು ಹಾಕಿದೆ. ಉಳಿದವರು ನಗುತ್ತಿದ್ದರು, ನಾನು ಒಳಗೊಳಗೇ ಮಾಮಾರನ್ನು ಬೈದುಕೊಳ್ಳುತ್ತಿದ್ದೆ. ಮಿರಗದ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಬಿದ್ದ ಮೇಲೆ ಆ ಕುಂಡದ ಅಂಚಿನಿಂದ ಹಸಿರು ಮರಿಯೊಂದು ತಲೆ ಎತ್ತಿತು. ಬುಡ ಸತ್ತಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅಷ್ಟು ದೊಡ್ಡ ಪಾಠವನ್ನು ಒಂದು ಕೆಟ್ಟ ಮಾತಿಲ್ಲದೆ ಕಲಿಸಿದ ಗುರು ನನಗೆ ಮತ್ತೆ ಸಿಗಲಿಲ್ಲ.

ತಪ್ಪು ನಾನೊಬ್ಬಳೇ ಮಾಡಿದ್ದಲ್ಲ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಗೇಟು, ಗ್ರಿಲ್ ಮಾಡುವ ಒಬ್ಬ ವರ್ಕ್‌ಶಾಪ್ ಮಾಲೀಕರು ನಮ್ಮಲ್ಲಿಂದ ಎಳೆಯ ಗಿಡ ಒಯ್ದಿದ್ದರು. ಎಳೆಯದರಲ್ಲಿ ಕೆಂಪು ಇರುವುದಿಲ್ಲ, ಮೂರ್ನಾಲ್ಕು ವರ್ಷ ಕಾಯಬೇಕು ಎಂದು ನಾನೇ ಹೇಳಿ ಕಳಿಸಿದ್ದೆ. ಮಗಳ ಲಗ್ನ ಬಂತು, ಗಿಡ ಇನ್ನೂ ಹಸಿರು. ಅವರು ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಬಣ್ಣವನ್ನೇ ಕಾಂಡಕ್ಕೂ ಹೊಡೆಸಿಬಿಟ್ಟರು! ಆಮೇಲೆ ನನ್ನ ಹತ್ತಿರ ಬಂದು, "ಫೋಟೋದಾಗ ಮಾತ್ರ ಅಗದಿ ಮಸ್ತ ಬಂದೈತಿ ನೋಡ್ರಿ" ಅಂದರು. ಅವರ ಮೇಲೆ ಸಿಟ್ಟು ಮಾಡಬೇಕೆಂದರೆ ನಗು ಬಂತು.

ಇಷ್ಟು ಹೇಳಿದ ಮೇಲೆ ನನ್ನ ಕೆಲಸದ ಅತಿ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದು ಗಿಡದ ವಿಷಯದಲ್ಲಿ ಮಾಡಿದ್ದಲ್ಲ, ಮನುಷ್ಯನ ವಿಷಯದಲ್ಲಿ ಮಾಡಿದ್ದು.

ಮಿರಜದಲ್ಲಿ ಬಸಲಿಂಗಪ್ಪ ಕಾಕಾ ಅಂತ ಅರಿಶಿನ ವ್ಯಾಪಾರಿ. ಹೆಸರು ಬದಲಿಸಿದ್ದೇನೆ, ಉಳಿದದ್ದೆಲ್ಲ ಇದ್ದದ್ದೇ. ಹಣೆ ತುಂಬ ವಿಭೂತಿ, ತೂಕದ ಮಾತು. ರುಮಾಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡಿ ಸವಾಲು ಮುಗಿಸುವ ಹಳೇ ಕಾಲದ ಪೇಟೆ ಅವರದು. ಬೆರಳು ಬಿಟ್ಟ ಮೇಲೆ ಅವರ ಮಾತು ಬದಲಾದದ್ದನ್ನು ಸಾಂಗಲಿ ಪೇಟೆಯಲ್ಲಿ ಯಾರೂ ಕಂಡಿಲ್ಲ ಎನ್ನುತ್ತಿದ್ದರು. ಅವರ ಸೊಸೆ ಸುಮನ್ ನರ್ಸರಿಗೆ ಬಂದು ಐದು ಕಾಂಡದ ಲಾಲ್ ಪಾಮ್ ಆರಿಸಿದಳು. ನೆಡಲು ಹೋದಾಗ ಕಾಕಾ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಹೂವು ಬಿಡತೈತೇನು?" ಎಂದು ನನ್ನನ್ನು ಕೇಳಿದರು.

"ಬಿಡತೈತ್ರಿ ಕಾಕಾ, ಆದರ ಕಣ್ಣಿಗೆ ಬೀಳೂವಂಥಾದ್ದಲ್ಲ."

"ಹಣ್ಣು?"

"ತಿನ್ನಾಕ ಬರೂದಿಲ್ರಿ."

"ನೆರಳು? ದೇವರಿಗೆ ಏರಸಾಕ ಎಲಿ?"

"ಇಲ್ರಿ."

"ಮತ್ತ ಎದಕ ಬೇಕದು?"

ತಲೆ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದ ಸುಮನ್ ಹೇಳಿದಳು: "ನೋಡಾಕ್ರಿ ಮಾವಾರ. ಈ ಮನಿಗೆ ಬಂದು ಹನ್ನೆರಡು ವರ್ಷ ಆತು, ನಾ ಏನೂ ಕೇಳಿಲ್ಲ. ಇದೊಂದ ಕೇಳತೇನಿ."

ಕಾಕಾ ಗಿಡ ನೆಡಬೇಕೆಂದಿದ್ದ ಮೂಲೆಯ ಕಡೆ ನೋಡಿದರು. ಆ ಮೂಲೆಯಲ್ಲಿ ಪತ್ರಿ ಗಿಡ, ಅಂದರೆ ಬಿಲ್ವ, ಹಚ್ಚಬೇಕೆಂದು ಅವರ ಮನಸ್ಸಿತ್ತು. ಕೊನೆಗೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಬರಂ, ಆತು. ಉಗಾದಿ ತನಕ ನೋಡತೇನಿ. ಥಂಡಿ ದಾಟಿ ಹೊಸಾ ಸುಳಿ ಹಾಕಿತಂದ್ರ ಇರಲಿ. ಇಲ್ಲಂದ್ರ ಕಿತ್ತ ಒಗದು ಪತ್ರಿ ಹಚ್ಚೂದು. ಆಡಿದ ಮಾತು ಆಡಿದ್ದ."

ಆ ಹೊತ್ತಿನಿಂದ ಆ ಗಿಡ ನನ್ನದೂ ಆಯಿತು. ನೆಟ್ಟ ರೀತಿಯನ್ನು ಹೊಸಬರು ಬರೆದುಕೊಳ್ಳಲಿ. ಲಾಲ್ ಪಾಮ್ ಜವುಗಿನಲ್ಲಿ ಹುಟ್ಟಿದ ಜಾತಿ, ಕಾಲ ಕೆಳಗೆ ಸದಾ ನೀರು ಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಹಾಗಾಗಿ ಮೊಳಕಾಲುದ್ದದ ಗುಂಡಿ ತೆಗೆದು, ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಹುಗಿದು, ತಳದಿಂದ ಒಂದು ಗೇಣು ಮೇಲೆ ಪಕ್ಕದಲ್ಲಿ ತೂತು ಕೊರೆದೆ. ತೂತಿನ ಕೆಳಗೆ ನೀರು ನಿಲ್ಲುತ್ತದೆ, ಹೆಚ್ಚಾದದ್ದು ಹೊರಗೆ ಹೋಗುತ್ತದೆ. ಒಳಗೆ ತೆಂಗಿನ ನಾರಿನ ಪುಡಿ, ಹೊಳೆಯ ಉಸುಕು, ಕೊಳೆತ ಎಲೆ, ಹಳೇ ಸಗಣಿ ಗೊಬ್ಬರ ತುಂಬಿದೆ. ದತ್ತೂ ಮಾಮಾರ ಕಾಲದಲ್ಲಿ ಈ ತೊಟ್ಟಿಯ ಪದ್ಧತಿ ಇರಲಿಲ್ಲ, ಇದು ನಾನೇ ಮಾಡಿ ಕಲಿತದ್ದು, ಅದರ ಜಂಬವೂ ನನಗಿತ್ತು. ಬೆಳಗಿನ ಬಿಸಿಲು ಬೀಳುವ, ಪಡುವಣ ಗಾಳಿ ಬಡಿಯದ ಗೋಡೆ ಮಗ್ಗುಲು ಆರಿಸಿದೆ. ಬೋರಿನ ಗಡುಸು ನೀರು ಬೇಡ, ನಳದ ನೀರೇ ಹಾಕಿ ಎಂದು ಸುಮನ್‌ಗೆ ಹೇಳಿದೆ.

ಮಳೆಗಾಲದಲ್ಲಿ ಗಿಡ ಕುಣಿಯಿತು. ಎರಡು ಹೊಸ ಎಲೆ ಬಿಚ್ಚಿತು. ಸಂಜೆ ಸುಮನ್ ಅದರ ಮುಂದೆ ಕೂತು ಕಾಯಿಪಲ್ಲೆ ಸೋಸುತ್ತಿದ್ದಳು. ಹಿಂದಿನ ಬಿಳಿ ಗೋಡೆಗೆ ಆ ಐದು ಕೆಂಪು ಕಾಂಡಗಳು ಎಷ್ಟು ಒಪ್ಪುತ್ತಿದ್ದವೆಂದರೆ ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು.

ಥಂಡಿ ಬಿತ್ತು. ಎಲೆಯ ತುದಿ ಹಳದಿಯಾಯಿತು. ಚಳಿ ಎಂದು ಗೋಣಿ ಸುತ್ತಿಸಿದೆ. ಹಳದಿ ಇನ್ನೂ ಹಬ್ಬಿ ಎಲೆಯ ನಡುವಿಗೆ ಬಂತು. ಬೋರಿನ ನೀರು ಹಾಕಿದ್ದೀಯೇನು ಎಂದು ಸುಮನ್ ಮೇಲೆ ರೇಗಿದೆ. ಇಲ್ಲ ಎಂದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಕಾಂಡದ ಸುಳಿ ಕಂದಾಯಿತು, ಆಮೇಲೆ ಇನ್ನೊಂದರದು. ಉಗಾದಿಗೆ ಎರಡೇ ತಿಂಗಳು ಉಳಿದಿತ್ತು. ಆಗ ದತ್ತೂ ಮಾಮಾರ ಮಾತು ನೆನಪಾಗಿ ಮಂಡಿಯೂರಿ ಮಣ್ಣು ಎತ್ತಿ ಮೂಸಿದೆ. ಹುಳಿ ಮೊಸರಿನ ವಾಸನೆ! ಮಣ್ಣಿನ ಮೇಲೆ ಬೆಳ್ಳಗೆ ಕೆನೆಯಂಥದ್ದು ಕಟ್ಟಿತ್ತು, ಇರುವೆ ಮುತ್ತಿದ್ದವು. ಯಾರೋ ತೊಟ್ಟಿಗೆ ಏನೋ ಸುರಿಯುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. "ಸುಮನ್, ಇದು ನಿಮ್ಮ ಮಾವನ ಕೆಲಸ ನೋಡವಾ. ಉಗಾದಿಗೆ ಗಿಡಾ ಇರಬಾರದಂತ ಏನರೆ ಹಾಕಾಕ್ಹತ್ಯಾರ. ನೆಟ್ಟಗ ಕೀಳಿಸಿದ್ದರ ಆಗ್ತಿರಲಿಲ್ಲೇನು?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ಬಿಡ್ರಿ ಮಾವಶಿ. ಹೋದರ ಹೋಗತೈತಿ" ಎಂದಳು. ಹೆದರಿದ್ದಾಳೆ ಎಂದುಕೊಂಡೆ. ಅದರಿಂದ ನನ್ನ ಸಿಟ್ಟು ಮತ್ತಷ್ಟು ಹೆಚ್ಚಾಯಿತು.

ಮರುದಿನ ಮಾಧವನಗರದ ನಮ್ಮ ಮನೆಯಿಂದ ಮೊದಲ ಆಟೋ ಹಿಡಿದು ಹೊರಟೆ. ಮಿರಜ ಮುಟ್ಟಿದಾಗ ಆಗಷ್ಟೇ ಬೆಳಗಾಗಿತ್ತು. ಕಾಕಾರನ್ನು ಸುರಿಯುವಾಗಲೇ ಹಿಡಿದು ನಾಲ್ಕು ಮಾತು ಅನ್ನಬೇಕೆಂದು ಗೇಟಿನ ಮಗ್ಗುಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದರು. ಆ ಚಳಿಯಲ್ಲಿ ಮೈಮೇಲೆ ಒದ್ದೆ ಧೋತರ, ಬರಿಗಾಲು, ಕೈಯಲ್ಲಿ ಹಿತ್ತಾಳೆ ತಂಬಿಗೆ. ಪಾಮಿನ ಬುಡಕ್ಕೆ ನಿಧಾನವಾಗಿ ಬಗ್ಗಿ ತಂಬಿಗೆಯನ್ನು ಬರಿದು ಮಾಡಿದರು. ಹಾಲು, ಮೊಸರು, ಜೇನುತುಪ್ಪ ಎಲ್ಲ ಕೂಡಿದ ಬೆಳ್ಳನೆ ನೀರು. ದೇವರ ಮನೆಯ ಲಿಂಗಕ್ಕೆ ಅಭಿಷೇಕ ಮಾಡಿದ ಪಂಚಾಮೃತ. ಅದು ಯಾರ ಕಾಲಿಗೂ ಸಿಗಬಾರದು, ಗಿಡದ ಬುಡಕ್ಕೇ ಹೋಗಬೇಕು ಎಂಬುದು ಅವರ ಮನೆಯ ರೂಢಿ. ಆಮೇಲೆ ಆ ದೊಡ್ಡ ವ್ಯಾಪಾರಿ ಗಿಡಕ್ಕೆ ಕೈಮುಗಿದು, "ಉಳಿಯಪಾ. ನನ್ನ ಮಾತು ನನಗ ಉರುಲಾಗೇತಿ, ಉಳಿ" ಎಂದರು.

ನನ್ನ ನಾಲ್ಕು ಮಾತು ಬಿಟ್ಟು ಗೇಟು ತೆರೆದೆ. ತಿರುಗಿದಾಗ ಅವರು ನನ್ನನ್ನು ಕಂಡರು. ಮುಚ್ಚಿಡಲಿಲ್ಲ.

"ಹನ್ನೆರಡು ವರ್ಷದಾಗ ಆಕಿ ಒಂದ ಕೇಳಿದ್ಲು. ನಾ ಎಲ್ಲಾರ ಮುಂದ ಶರತ್ತ ಹಾಕಿ ಕುಂತೆ" ಎಂದರು. "ಆಡಿದ ಮಾತು ತಿರುಗಿ ತಗೊಳ್ಳೂದು ನನ್ನಿಂದ ಆಗೂದಿಲ್ಲ. ಅದಕ್ಕ ದೇವರ ಕಡೆ ಬಿಟ್ಟೆ. ಗಿಡಾ ಹಳದಿ ಆದಂಗ ಆದಂಗ ಹಾಲು ಹೆಚ್ಚ ಮಾಡಿದೆ. ಯಾಕ ಹಿಡೀವಲ್ದು?"

ಈ ಮನುಷ್ಯನಿಗೆ, ನಿಮ್ಮ ದೇವರ ತೀರ್ಥದಿಂದಲೇ ಬೇರು ಕೊಳೆಯಿತು ಎಂದು ಹೇಳುವುದು ಹೇಗೆ? ತೂತಿನ ಕೆಳಗೆ ನೀರು ನಿಲ್ಲುವಂತೆ ಮಾಡಿದವಳೂ ನಾನೇ. ಬರೀ ನೀರಿಗೆ ಅದು ಸರಿ, ಹಾಲು ನಿಂತರೆ ಹುಳಿಯುತ್ತದೆ.

"ಕಾಕಾ," ಎಂದೆ, "ಹಸುಗೂಸಿಗೆ ಹೋಳಿಗಿ ತಿನಿಸಿದಂಗ ಆಗೇತ್ರಿ. ಪ್ರಸಾದ ಖರೆ, ಆದರ ಅರಗಬೇಕಲ್ರಿ. ಇದಕ್ಕ ಬರೇ ನೀರು ಸಾಕ್ರಿ."

ಅವರು ತಂಬಿಗೆಯನ್ನು ಕಟ್ಟೆ ಮೇಲೆ ಇಟ್ಟರು. "ಅಂದ್ರ ನಾನ ಕೊಂದೆ?"

"ಇನ್ನೂ ಸತ್ತಿಲ್ರಿ. ಬುಡಾ ನೋಡತೇನಿ."

"ಸುಮನಗ ಹೇಳಬ್ಯಾಡವಾ," ಎಂದು ಒಳಗೆ ಹೋದರು. ಎಪ್ಪತ್ತು ದಾಟಿದ ಅವರು ಶಾಲೆಯಲ್ಲಿ ತಪ್ಪು ಮಾಡಿದ ಮಗುವಿನಂತೆ ಕಂಡರು. ಅವರ ಬಗ್ಗೆ ನಾನು ಆಡಿದ ಮಾತು ನೆನೆದು ನನಗೆ ನಾಚಿಕೆಯಾಯಿತು.

ತೊಟ್ಟಿ ಎತ್ತಲು ಸುಮನ್ ಬಂದಳು. ಇಬ್ಬರೂ ಕೂತು ಬೇರು ತೊಳೆದೆವು. ಮೂರು ಕಾಂಡದ ಬೇರು ಕಪ್ಪಗೆ ಕರಗಿತ್ತು, ಅವನ್ನು ಕುಯ್ದು ತೆಗೆದೆ. ಎರಡರ ಬುಡದಲ್ಲಿ ಒಂದೆರಡು ಬಿಳಿ ಬೇರು ಉಳಿದಿದ್ದವು. ಹೊಸ ಮಣ್ಣು ತುಂಬುತ್ತ, "ತೂತ ಕಟ್ಟಿತ್ತವಾ, ನೀರು ನಿಂತು ಕೊಳತೈತಿ" ಎಂದು ಸುಳ್ಳು ಹೇಳಿದೆ.

"ತೂತ ಕಟ್ಟಿಲ್ಲ ಮಾವಶಿ," ಎಂದಳು ಸುಮನ್, ಬೇರಿನ ಮೇಲಿನ ಕಣ್ಣು ತೆಗೆಯದೆ. "ನನಗ ಗೊತ್ತೈತಿ. ಅಡಗಿ ಮನಿ ಖಿಡಕಿಯಿಂದ ಒಂದ ತಿಂಗಳಾತು ನೋಡಾಕ್ಹತ್ತೇನಿ."

"ಗೊತ್ತಿದ್ದೂ ಸುಮ್ಮನಿದ್ದಿ? ನಿನ್ನ ಗಿಡಾ ಸಾಯಾಕ್ಹತ್ತಿತ್ತು!"

"ಈ ಮನ್ಯಾಗ ನನ್ನ ಸಲುವಾಗಿ ಯಾರರೆ ದೇವರಿಗೆ ಕೈ ಮುಗದದ್ದು ನಾ ನೋಡೇ ಇಲ್ಲ. ಹ್ಯಾಂಗ ಬ್ಯಾಡ ಅನ್ನಲಿ? ಗಿಡಾ ಹೋದರ ಇನ್ನೊಂದ ಸಿಗತೈತಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೈಯ ಕೆಸರು ಕೆನ್ನೆಗೆ ಹತ್ತಿತು. "ನಾ ನೋಡೇನಿ ಅಂತ ಅವರಿಗೆ ಮಾತ್ರ ಹೇಳಬ್ಯಾಡ್ರಿ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾನು. ಇಬ್ಬರಿಗೂ ಹೂಂ ಅಂದೆ.

ಮಾರನೆಯ ದಿನದಿಂದ ಕಾಕಾ ಪಂಚಾಮೃತವನ್ನು ಅಂಗಳದ ಇನ್ನೊಂದು ಮೂಲೆಗೆ ಒಯ್ದರು. ಪಾಮಿಗೆ ಬರೀ ನೀರು. ಆದರೆ ಬೇರು ಕಳೆದುಕೊಂಡ ಗಿಡ ಎರಡು ತಿಂಗಳಲ್ಲಿ ಸುಳಿ ಹಾಕುವುದಿಲ್ಲ. ನಾನು ಎಷ್ಟೋ ಸಲ ಹೋಗಿ ನೋಡಿ ಬಂದೆ. ಎರಡು ಕೆಂಪು ಕೋಲುಗಳು, ಮೂರು ಹರಿದ ಎಲೆಗಳು. ಸುಳಿ ಇದ್ದಲ್ಲೇ ಇತ್ತು.

ಉಗಾದಿಯ ದಿನ ನನ್ನನ್ನೂ ಕರೆದಿದ್ದರು. ಮಹಾರಾಷ್ಟ್ರದ ರೂಢಿಯಂತೆ ಬಾಗಿಲಿಗೆ ಗುಡಿಯ ಕೋಲು ಏರಿಸಿ, ಬೇವು-ಬೆಲ್ಲ ತಿಂದ ಮೇಲೆ ಮನೆಯವರೆಲ್ಲ ಅಂಗಳಕ್ಕೆ ಬಂದರು. ಪತ್ರಿ ಗಿಡದ ಸಸಿಯೂ ತಂದಿಟ್ಟಿತ್ತು, ಸಲಿಕೆಯೂ ಇತ್ತು. ಸುಮನ್ ಬಾಗಿಲಲ್ಲೇ ನಿಂತಿದ್ದಳು. ಕಾಕಾ ಚಾಳೀಸಿನ ಕನ್ನಡಕ ಏರಿಸಿಕೊಂಡು ಪಾಮಿನ ಹತ್ತಿರ ಬಗ್ಗಿದರು. ಬಹಳ ಹೊತ್ತು ನೋಡಿದರು. ಅಲ್ಲಿ ಏನೂ ಇಲ್ಲ ಎಂಬುದು ನನಗೆ ಗೊತ್ತಿತ್ತು.

ಅವರು ನೆಟ್ಟಗಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಸುಳಿ ಬಂದೈತಿ. ಗಿಡಾ ಇರಲಿ. ಪತ್ರಿ ಆ ಮೂಲಿಗೆ ಹಚ್ರಿ."

ಅವರ ಮಗ ಬಗ್ಗಿ ನೋಡಿ, "ಎಲ್ಲೈತಿ ಅಪ್ಪಾ?" ಎಂದ.

"ನನಗ ಕಾಣತೈತಿ" ಎಂದರು ಕಾಕಾ. ಮಗ ಸಲಿಕೆ ಎತ್ತಿಕೊಂಡು ಆ ಮೂಲೆಗೆ ಹೋದ. ಆಡಿದ ಮಾತು ಬದಲಿಸದ ಆ ಮನುಷ್ಯ ಅದನ್ನು ಉಳಿಸಿಕೊಳ್ಳಲು ಹಬ್ಬದ ದಿನ ಎಲ್ಲರೆದುರು ಸುಳ್ಳು ಹೇಳಿದ್ದರು. ಅದಕ್ಕಿಂತ ದೊಡ್ಡ ಮಾತನ್ನು ನಾನು ಯಾವ ದೊಡ್ಡವರ ಬಾಯಲ್ಲೂ ಕೇಳಿಲ್ಲ. ನಿಜವಾದ ಸುಳಿ ಬಂದದ್ದು ಮಿರಗದ ಮಳೆ ಬಿದ್ದು ಮೂರು ವಾರವಾದ ಮೇಲೆ.

ಈಗ ಆ ಗುಂಪಿನಲ್ಲಿ ಒಂಬತ್ತು ಕಾಂಡಗಳಿವೆ, ಎತ್ತರ ಖಿಡಕಿ ದಾಟಿದೆ. ಫೋನಿನಲ್ಲಿ ಎಲೆಯ ಫೋಟೋ ತೆಗೆದು ರೋಗ ಕೇಳುವ ಹೊಸ ಪದ್ಧತಿಯನ್ನು ನಾನು ಹಳಿಯುವುದಿಲ್ಲ, ನನ್ನ ಮಗಳೂ ಅದನ್ನೇ ಮಾಡುತ್ತಾಳೆ. ಆದರೆ ಫೋನಿಗೆ ಹುಳಿ ವಾಸನೆ ಹತ್ತುವುದಿಲ್ಲ, ಮೂಸಿ ನೋಡಿದ ನನಗೂ ಅಂದು ಅರ್ಧವೇ ತಿಳಿಯಿತು. ಗಿಡ ಸಾಯುತ್ತಿದ್ದರೆ ಮನೆಯವರಲ್ಲಿ ಯಾರೋ ಅದನ್ನು ದ್ವೇಷಿಸುತ್ತಿದ್ದಾರೆ ಎಂದು ನನ್ನ ಹಾಗೆ ಮೊದಲೇ ತೀರ್ಮಾನಿಸಬೇಡಿ. ಪ್ರೀತಿಯಿಂದ ಸತ್ತ ಗಿಡಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಇಬ್ಬರಿಗೂ ಕೊಟ್ಟ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡೆ. ಸೊಸೆ ಬಲ್ಲಳೆಂದು ಮಾವನಿಗೆ ತಿಳಿದಿಲ್ಲ, ಮಾವ ನನ್ನಿಂದ ಮಾತು ತೆಗೆದುಕೊಂಡರೆಂದು ಸೊಸೆಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿದ್ದೇನೆಂದು ತಿಳಿದು ಸುಮನ್ ಮೊನ್ನೆ ಫೋನು ಮಾಡಿದ್ದಳು. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

"ನಮ್ಮ ಗಿಡದ ಸುದ್ದಿ ಬರದೀರಂತ, ಒಂದ ಪ್ರತಿ ಕಳಸ್ರಿ ಮಾವಶಿ. ಮನ್ಯಾಗ ಕನ್ನಡಾ ಓದಾಕ ಬರೂದು ಮಾವಾರಿಗೊಬ್ಬರಿಗೆ. ಅವರ ಕಡೆಯಿಂದ ಓದಿಸಿ ಕೇಳತೇನಿ" ಎಂದಳು.

ಇಬ್ಬರ ಗುಟ್ಟು ಇರುವ ಹಾಳೆಗಳನ್ನು ತೆಗೆದಿಟ್ಟು ಉಳಿದದ್ದನ್ನು ಕಳಿಸೋಣ ಅಂದುಕೊಂಡೆ. ಕಾಕಾರಿಗೆ ಎಂಬತ್ತು ದಾಟಿದೆ, ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರಂತೆ. ಆದರೆ ಕೊನೆಗೆ ಎಲ್ಲ ಹಾಳೆಗಳನ್ನೂ ಲಕೋಟೆಗೆ ಹಾಕಿ ಕಳಿಸಿದ್ದೇನೆ.